ಕೈಗೆಟುಕಿದ ಕಿರುಗಣಕವೂ ನಮ್ಮ ಕನ್ನಡಾಕ್ಷರವೂ

ಕಡಿಮೆ ಬೆಲೆಯ, ಜೊತೆಯಲ್ಲಿ ಒಯ್ಯಬಹುದಾದ ಕಿರುಗಣಕದ ಇತಿಹಾಸದಲ್ಲಿ ಬೆಂಗಳೂರಿಗೂ ಸ್ಥಾನವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಸೇರಿ ರೂಪಿಸಿದ ‘ಸಿಂಪ್ಯೂಟರ್’ ಎಂಬ ಅಂಗೈಗಣಕದ ಮಾದರಿ 2001ರಲ್ಲಿ ಹೊರಬಂದಿತು. ದೇಶಭಾಷೆಗಳ ಮೂಲಕ ಜನಸಾಮಾನ್ಯರನ್ನು ತಲುಪುವುದು ಅದರ ಗುರಿಯಾಗಿದ್ದರೂ ಅದು ವ್ಯಾಪಕ ಬಳಕೆಗೆ ಬರಲಿಲ್ಲ. 2007ರಲ್ಲಿ ತೈವಾನಿನ ಆಸುಸ್ ಕಂಪನಿಯ ಏಳು ಅಂಗುಲ ಪರದೆಯ ‘ಈ ಪಿಸಿ’ ಬಂದ ಮೇಲೆ ನೆಟ್‌ಬುಕ್‌ಗಳು ಲೋಕದೆಲ್ಲೆಡೆ ಹರಡಿದವು.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ದೇವಾಂಗ ನೇಕಾರರು, ಒಕ್ಕಲಿಗ ರೈತರು ಮೊದಲಾದ ಕನ್ನಡಿಗರ ಅನೇಕ ಮನೆಗಳಿಗೆ ಗಣಕವನ್ನು ತಂದದ್ದು ತಮಿಳುನಾಡು ಸರ್ಕಾರದ ಉಚಿತ ಲ್ಯಾಪ್‌ಟಾಪ್ ಯೋಜನೆ. ಮುಖ್ಯಮಂತ್ರಿ ಜಯಲಲಿತಾ ಅವರು 2011ರ ಸೆಪ್ಟೆಂಬರ್ 15ರಂದು ಇದಕ್ಕೆ ಚಾಲನೆ ನೀಡಿದರು. ಸರ್ಕಾರಿ ಹಾಗೂ ಅನುದಾನಿತ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ಇದರ ಫಲಾನುಭವಿಗಳಾಗಿದ್ದರು.

ಈ ಮನೆಗಳಲ್ಲಿ ಕನ್ನಡವು ಮಾತಾಗಿ ಉಳಿದಿದೆ. ಬರಹ ಮಾತ್ರ ಮರೆಯಾಗುತ್ತಿದೆ. 2006ರ ತಮಿಳು ಕಲಿಕಾ ಕಾಯ್ದೆಯು ಹಂತಹಂತವಾಗಿ ಹತ್ತನೆಯ ತರಗತಿಯವರೆಗೆ ತಮಿಳನ್ನು ಕಡ್ಡಾಯಗೊಳಿಸಿದ ಬಳಿಕ ಶಾಲೆಯಲ್ಲಿ ತಾಯ್ನುಡಿಯ ಅವಕಾಶ ಇನ್ನಷ್ಟು ಕಿರಿದಾಯಿತು. ಆದ್ದರಿಂದ ಈ ಯಂತ್ರವನ್ನು ನಾವು ಅಕ್ಷರಾಭ್ಯಾಸದ ಸಾಧನವಾಗಿಯೂ ಕಾಣಬೇಕಾಗಿದೆ. ಯೂನಿಕೋಡ್ ಕನ್ನಡಕ್ಕೆ ಪ್ರತ್ಯೇಕ ಹಣ ತೆರಬೇಕಿಲ್ಲ. ಗಣಕದ ಭಾಷಾ ಆಯ್ಕೆಗಳಲ್ಲಿ ಕನ್ನಡವನ್ನು ಸೇರಿಸಿದರೆ ಸಾಕು. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ತಮಿಳಿನ ‘ಕ’ಕಾರವನ್ನು ಮೂಡಿಸುವ ಕೀಲಿಯೇ ಕನ್ನಡದ ‘ಕ’ಕಾರವನ್ನೂ ಮೂಡಿಸುತ್ತದೆ. ಅದನ್ನೇ ಶಿಫ್ಟ್‌ನೊಡನೆ ಒತ್ತಿದರೆ ತಮಿಳು ಲಿಪಿಯಲ್ಲಿಲ್ಲದ ‘ಖ’ ಬರುತ್ತದೆ. ತಮಿಳು ಬಲ್ಲ ಮಗುವಿಗೆ ಇದು ಸುಲಭದ ಮೆಟ್ಟಿಲು.

20 ಲಕ್ಷ ಕಾಲೇಜು ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಅಥವಾ ಟ್ಯಾಬ್ಲೆಟ್ ನೀಡುವುದಾಗಿ ರಾಜ್ಯದ 2025–26ರ ಮುಂಗಡಪತ್ರವು ಘೋಷಿಸಿತು. ಹೊಸ ಯಂತ್ರ ಮನೆಗೆ ಬಂದ ದಿನವೇ ಅದರಲ್ಲಿ ಕನ್ನಡವನ್ನು ಅಳವಡಿಸಿ, ಮಕ್ಕಳಿಂದ ಅವರ ಹೆಸರನ್ನು ಕನ್ನಡದಲ್ಲಿ ಬರೆಯಿಸಬೇಕೆಂದು ಪೋಷಕರಲ್ಲಿ ನಾವು ವಿನಂತಿಸುತ್ತೇವೆ.