ಶಾಸನದಿಂದ ತೊಟ್ಟಿಲಿಗೆ ಬಂದ ಹೆಸರು

ಕನ್ನಡ ಶಾಲೆಯಲ್ಲಿ ನಾಲ್ಕಕ್ಷರ ಕಲಿತವರಿಗೆಲ್ಲ ಇಮ್ಮಡಿ ಪುಲಕೇಶಿ ಗೊತ್ತು. ಉತ್ತರದ ಹರ್ಷವರ್ಧನ ದಕ್ಷಿಣಕ್ಕೆ ಕಾಲಿಡದಂತೆ ತಡೆದ ಅರಸನೆಂದು ಅವನ ಹೆಸರನ್ನು ನಾವು ಬಾಯಿಪಾಠ ಮಾಡಿದ್ದೇವೆ. ಆದರೆ ಅದೇ ಶಾಲೆಯ ಹಾಜರಿ ಪುಸ್ತಕದಲ್ಲಿ ಪುಲಕೇಶಿ ಎಂಬ ಹುಡುಗ ಸಿಗುವುದು ಅಪರೂಪ. ಅದೇ ವಂಶದ ಅರಸರ ಹೆಸರುಗಳಲ್ಲಿರುವ ವಿಕ್ರಮ, ವಿಜಯ, ಆದಿತ್ಯ ಎಲ್ಲೆಡೆಯೂ ಇದ್ದಾರೆ. ಕದಂಬರ ಮಯೂರನೂ ಅಲ್ಲಲ್ಲಿ ಸಿಗುತ್ತಾನೆ. ಎಲ್ಲರಿಗಿಂತ ಹೆಚ್ಚು ಹೊಗಳಿಸಿಕೊಂಡ ಅರಸನ ಹೆಸರೇ ಮನೆಗಳಿಗೆ ಬರಲಿಲ್ಲವೇಕೆ?

ಮೊದಲು ಈ ಹೆಸರಿನ ವಂಶಾವಳಿಯನ್ನು ನೋಡೋಣ. ಬಾದಾಮಿಯ ಕೋಟೆಯನ್ನು ಕಟ್ಟಿಸಿದವನು ಒಂದನೆಯ ಪುಲಕೇಶಿ. ಶಕ 465ರ, ಅಂದರೆ ಕ್ರಿ.ಶ. 543ರ ಬಾದಾಮಿ ಬಂಡೆಗಲ್ಲಿನ ಶಾಸನ ಅವನದು. ವಿಚಿತ್ರವೆಂದರೆ ಅದರಲ್ಲಿ ಅವನನ್ನು ವಲ್ಲಭೇಶ್ವರ ಎಂದಷ್ಟೇ ಕರೆಯಲಾಗಿದೆ. ಅವನ ಮಗ ಕೀರ್ತಿವರ್ಮ, ಮೊಮ್ಮಗ ಇಮ್ಮಡಿ ಪುಲಕೇಶಿ. ಇಮ್ಮಡಿಯ ಇನ್ನೊಬ್ಬ ಮೊಮ್ಮಗ ಗುಜರಾತಿನ ಚಾಲುಕ್ಯ ಶಾಖೆಯಲ್ಲಿ ಆಳಿದ ಅವನಿಜನಾಶ್ರಯ ಪುಲಕೇಶಿ. ಅರಬ್ ಸೈನ್ಯವನ್ನು ಅವನು ಸೋಲಿಸಿದನೆಂದು 739ರ ನವಸಾರಿ ತಾಮ್ರಪಟ ಹೇಳುತ್ತದೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಮನೆಗಳ ಪದ್ಧತಿಯನ್ನು ಅರಮನೆಯೂ ಪಾಲಿಸಿತ್ತೆನ್ನಬಹುದು.

ಬಾದಾಮಿಯ ಸಿಂಹಾಸನದಲ್ಲಿ ಮಾತ್ರ ಆ ಪದ್ಧತಿ ನಿಂತುಹೋಯಿತು. 642ರ ಸುಮಾರಿಗೆ ಪಲ್ಲವರ ನರಸಿಂಹವರ್ಮ ವಾತಾಪಿಯನ್ನು ಗೆದ್ದು ‘ವಾತಾಪಿಕೊಂಡ’ ಎಂಬ ಬಿರುದು ಧರಿಸಿದ. ಆ ಬಳಿಕ ಬಾದಾಮಿಯನ್ನಾಳಿದ ಅರಸರು ವಿಕ್ರಮಾದಿತ್ಯ, ವಿನಯಾದಿತ್ಯ, ವಿಜಯಾದಿತ್ಯ, ಮತ್ತೆ ವಿಕ್ರಮಾದಿತ್ಯ, ಕೊನೆಗೆ ಕೀರ್ತಿವರ್ಮ. ಇವರಲ್ಲಿ ಪುಲಕೇಶಿ ಇಲ್ಲ. ಎರಡು ಶತಮಾನಗಳ ನಂತರ ತಲೆಯೆತ್ತಿದ ಕಲ್ಯಾಣದ ಚಾಲುಕ್ಯರಲ್ಲೂ ಇಲ್ಲ. ಅವರು ತಮ್ಮದು ಸತ್ಯಾಶ್ರಯಕುಲವೆಂದು ಹೆಮ್ಮೆಪಟ್ಟರು; ಅವರಲ್ಲೊಬ್ಬ ಅರಸನ ಹೆಸರೇ ಸತ್ಯಾಶ್ರಯ. ಸತ್ಯಾಶ್ರಯ ಎಂಬುದು ಇಮ್ಮಡಿ ಪುಲಕೇಶಿಯ ಬಿರುದು. ಬಿರುದು ಉಳಿಯಿತು, ಹೆಸರು ಬಿಟ್ಟುಹೋಯಿತು.

ಹೆಸರಿನ ಅರ್ಥವೂ ಸರಳವಲ್ಲ. ಶಾಸನಗಳಲ್ಲಿ ಪೊಲೆಕೇಶಿ, ಪುಲಿಕೇಶಿ, ಪುಲಕೇಶಿ ಮುಂತಾದ ರೂಪಗಳಿವೆ. ಕನ್ನಡದ ‘ಪುಲಿ’ಗೆ ಸಂಸ್ಕೃತದ ‘ಕೇಶ’ ಸೇರಿ ‘ಹುಲಿಯಂಥ ಕೂದಲುಳ್ಳವನು’ ಎಂದಾಯಿತು ಎಂಬುದು ಒಂದು ವಾದ. ‘ಮಹಾಸಿಂಹ’ ಎಂಬ ಅರ್ಥವನ್ನು ಹೇಳಿದವರೂ ಇದ್ದಾರೆ. ಒಮ್ಮತ ಮೂಡಿಲ್ಲ. ಹೀಗಾಗಿ ಇಂದಿಗೂ ಈ ಹೆಸರಿನವರು ಪ್ರತಿ ಅರ್ಜಿಯಲ್ಲೂ ‘ಲ’ವೋ ‘ಲಿ’ಯೋ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕು.

ಈ ಹೆಸರು ಜನರ ಬಾಯಿಂದ ತಪ್ಪಿಹೋಗಿತ್ತು ಎನ್ನಲು ಭಾಷೆಯೇ ಒಂದು ಸಾಕ್ಷಿ. ಹತ್ತನೆಯ ಶತಮಾನದ ಈಚೆಗೆ ಕನ್ನಡ ಪದಗಳ ಮೊದಲಿನ ಪಕಾರ ಕ್ರಮೇಣ ಹಕಾರವಾಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಊರುಗಳ ಹೆಸರೂ ಉಳಿಯಲಿಲ್ಲ. ಪಂಪೆ ಹಂಪೆಯಾಯಿತು; ಇಂದಿನ ಲಕ್ಷ್ಮೇಶ್ವರವಾದ ಪುಲಿಗೆರೆ ಹುಲಿಗೆರೆಯಾಯಿತು. ಪುಲಿಕೇಶಿ ಎಂಬುದು ಮನೆಮನೆಯ ಹೆಸರಾಗಿದ್ದರೆ ಇಷ್ಟರಲ್ಲಿ ಅದು ‘ಹುಲಿಗೇಶಿ’ ಆಗಿರಬೇಕಿತ್ತು. ಸಂಸ್ಕೃತದ ಹೆಸರೆಂದು ಭಾವಿಸಿದ್ದರೆ ಪಕಾರ ಉಳಿಯುತ್ತಿತ್ತು, ನಿಜ. ಆದರೆ ಆಗ ಪರಮೇಶ್ವರ ಪರಮೇಶಿಯಾದ ಹಾಗೆ ಇದಕ್ಕೂ ಒಂದು ಸಲಿಗೆಯ ರೂಪ ಹುಟ್ಟುತ್ತಿತ್ತು. ಬಸವ ಎಂಬ ಹೆಸರು ಬಸಪ್ಪ, ಬಸಣ್ಣ, ಬಸಯ್ಯ, ಬಸು ಎಂದು ನೂರು ಬಗೆಯಾಗಿದೆ. ಪುಲಕೇಶಿಗೆ ಅಪ್ಪ, ಅಣ್ಣ ಸೇರಿಸಿದರೆ ನಾಲಗೆ ಒಪ್ಪುವುದಿಲ್ಲ. ಬಳಕೆಯಲ್ಲಿ ಸವೆಯದ ನಾಣ್ಯದಂತೆ ಅದು ಟಂಕಿಸಿದ ರೂಪದಲ್ಲೇ ಉಳಿದಿದೆ.

ನೆರೆಯ ತಮಿಳುನಾಡಿನಲ್ಲಿ ಇದು ಶತ್ರುವಿನ ಹೆಸರು. 1940ರ ದಶಕದಲ್ಲಿ ಕಲ್ಕಿ ಬರೆದ ‘ಶಿವಗಾಮಿಯಿನ್ ಶಬದಂ’ ಕಾದಂಬರಿಯ ಓದುಗರಿಗೆ ಪುಲಿಕೇಶಿ ಕಂಚಿಯ ಮೇಲೆ ದಂಡೆತ್ತಿ ಬಂದ ವೈರಿ. 2006ರಲ್ಲಿ ವಡಿವೇಲು ನಟಿಸಿದ ತಮಿಳು ಹಾಸ್ಯಚಿತ್ರವೊಂದರಲ್ಲಿ ಬ್ರಿಟಿಷರ ಕೈಗೊಂಬೆಯಾದ ಪೆದ್ದ ರಾಜನ ಹೆಸರು ‘23ನೆಯ ಪುಲಿಕೇಶಿ’. ಅಲ್ಲಿ ಈ ಹೆಸರು ಕೇಳಿದವರಲ್ಲಿ ಅನೇಕರು ನಗುತ್ತಾರೆ, ನಮ್ಮಲ್ಲಿ ಎದೆಯುಬ್ಬಿಸುತ್ತಾರೆ.

ಆದರೆ ಈ ಹೆಮ್ಮೆ ನಾವು ತಿಳಿದಷ್ಟು ಹಳೆಯದಲ್ಲ. ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿ ಕವಿ ರವಿಕೀರ್ತಿ 634ರಲ್ಲಿ ಕೆತ್ತಿಸಿದ ಪ್ರಶಸ್ತಿಯನ್ನು ಓದಬಲ್ಲವರು ಶತಮಾನಗಳ ಕಾಲ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ವಿದ್ವಾಂಸರು ಹಳೆಯ ಲಿಪಿಯನ್ನು ಬಿಡಿಸಿ ಓದಿದ ಮೇಲೆಯೇ ಪುಲಕೇಶಿ ಮರಳಿ ಬಂದದ್ದು. 1882ರಲ್ಲಿ ಜೆ.ಎಫ್. ಫ್ಲೀಟ್ ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸವನ್ನು ಪ್ರಕಟಿಸಿದರು. 1917ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಹೊರಬಂದು, ಪಂಡಿತರ ಟಿಪ್ಪಣಿಗಳಲ್ಲಿದ್ದ ಅರಸರನ್ನು ಕನ್ನಡಿಗರ ಪೂರ್ವಿಕರನ್ನಾಗಿ ಮಾಡಿತು. 1956ರಲ್ಲಿ ನಾಡು ಒಂದಾಯಿತು. 1967ರಲ್ಲಿ ರಾಜಕುಮಾರ್ ‘ಇಮ್ಮಡಿ ಪುಲಿಕೇಶಿ’ಯಾಗಿ ತೆರೆಯ ಮೇಲೆ ಬಂದರು. ಮಗನಿಗೆ ಪುಲಕೇಶಿ ಎಂದು ಹೆಸರಿಡಲು ಒಬ್ಬ ತಂದೆಗೆ ಕಾರಣ ದೊರೆತದ್ದು ಈ ಕಾಲದಲ್ಲಿ. ಆ ಹೆಸರು ಕುಲದೇವರಿಂದ ಬಂದದ್ದಲ್ಲ, ಜಾತಕದಿಂದ ಬಂದದ್ದಲ್ಲ. ನಾಡಿನ ಅಭಿಮಾನದಿಂದ ಬಂದದ್ದು. ಆದ್ದರಿಂದಲೇ ಅದು ಜಾತಿಯ ಗುರುತನ್ನು ಹೇಳುವುದಿಲ್ಲ. ಇದು ಈ ಹೆಸರಿನ ದೊಡ್ಡ ಗುಣ.

ಸರ್ಕಾರ ಇಟ್ಟ ಮಾತ್ರಕ್ಕೆ ಹೆಸರು ಬಳಕೆಗೆ ಬರುವುದಿಲ್ಲ ಎಂಬುದಕ್ಕೆ ಬೆಂಗಳೂರಿನಲ್ಲೇ ನಿದರ್ಶನವಿದೆ. ಫ್ರೇಜರ್ ಟೌನ್ ದಾಖಲೆಗಳಲ್ಲಿ ಪುಲಕೇಶಿನಗರವಾಗಿದೆ, ವಿಧಾನಸಭಾ ಕ್ಷೇತ್ರಕ್ಕೂ ಅದೇ ಹೆಸರಿದೆ. ಜನ ಮಾತ್ರ ಆಟೋದವರಿಗೆ ಈಗಲೂ ಫ್ರೇಜರ್ ಟೌನ್ ಎಂದೇ ಹೇಳುತ್ತಾರೆ.

ಇನ್ನೊಂದು ಸಂಗತಿ ಯೋಚಿಸುವಂಥದು. ಅನಂತಪುರ ಜಿಲ್ಲೆಯ ಪೆದ್ದವಡಗೂರಿನ ಶಾಸನವೊಂದರ ಆಧಾರದಿಂದ, ಪಟ್ಟವೇರುವ ಮುನ್ನ ಇಮ್ಮಡಿ ಪುಲಕೇಶಿಯ ಹೆಸರು ಎಱೆಯ ಎಂದಿತ್ತೆಂದು ವಿದ್ವಾಂಸರು ಹೇಳುತ್ತಾರೆ. ಎಱೆಯ ಎಂದರೆ ಒಡೆಯ, ಅಚ್ಚಗನ್ನಡದ ಮಾತು. ಅಂದರೆ ತೊಟ್ಟಿಲಲ್ಲಿ ಅವನನ್ನು ಪುಲಕೇಶಿ ಎಂದು ಕರೆದಿರಲಾರರು. ಅಜ್ಜನ ಹೆಸರು ಅವನಿಗೆ ಪಟ್ಟದೊಡನೆ ಬಂದಿರಬೇಕು. ನಾವು ಮಗುವಿಗೆ ಇಡುತ್ತಿರುವುದು ಅರಸನ ಪಟ್ಟದ ಹೆಸರನ್ನು. ಅವನ ತಾಯಿ ಕೂಗಿ ಕರೆದಿರಬಹುದಾದ ಹೆಸರು ಇಂದು ಯಾವ ಮನೆಯಲ್ಲೂ ಕೇಳಿಸುವುದಿಲ್ಲ.

ಪುಸ್ತಕದಿಂದ ಬಂದದ್ದೆಂದ ಮಾತ್ರಕ್ಕೆ ಹೆಸರು ಕಡಿಮೆಯದೇನೂ ಅಲ್ಲ. ಅಪ್ಪ ಇಟ್ಟರೆ ಅದು ಅಭಿಮಾನ, ಮೊಮ್ಮಗನಿಗೆ ಇಳಿದರೆ ಸಂಪ್ರದಾಯ. ಏಕೀಕರಣದ ಉತ್ಸಾಹದಲ್ಲಿ ತೊಟ್ಟಿಲೇರಿದ ಪುಲಕೇಶಿಗಳು ಈಗ ಅಜ್ಜಂದಿರಾಗುವ ವಯಸ್ಸಿನವರು. ಅವರ ಮೊಮ್ಮಕ್ಕಳಲ್ಲಿ ಒಬ್ಬನಿಗಾದರೂ ಆ ಹೆಸರು ಇಳಿದರೆ, ಬಾದಾಮಿಯ ಅರಮನೆಯಲ್ಲಿ ಕಡಿದುಹೋದ ಪದ್ಧತಿ ಸಾಮಾನ್ಯರ ಮನೆಯಲ್ಲಿ ಮತ್ತೆ ಕೂಡಿಕೊಂಡಂತಾಗುತ್ತದೆ.