ನಿವೃತ್ತಿಯ ದಶಕ: ಕರಾವಳಿ ಮೂಲದ ಸರ್ಕಾರಿ ಬ್ಯಾಂಕುಗಳ ವಯೋರಚನೆ ಮತ್ತು ಸಿಬ್ಬಂದಿ ನಿರ್ವಹಣೆ

ಸಿಬ್ಬಂದಿಗೆ ವಯಸ್ಸಾಗುವ ವಿಷಯವನ್ನು ಮಾನವ ಸಂಪನ್ಮೂಲ ನಿರ್ವಹಣೆಯ ಅಧ್ಯಯನಗಳು ಸಾಮಾನ್ಯವಾಗಿ ದೇಶದ ಜನಸಂಖ್ಯೆಯಿಂದ ಆರಂಭಿಸುತ್ತವೆ. ಜನನ ಪ್ರಮಾಣ ಇಳಿಯಿತು, ಆಯುಷ್ಯ ಹೆಚ್ಚಿತು, ಆದ್ದರಿಂದ ಕಚೇರಿಗಳಲ್ಲೂ ನರೆತವರೇ ಹೆಚ್ಚಾದರು ಎಂಬ ತರ್ಕ ಜಪಾನ್, ಜರ್ಮನಿಗಳ ಮಟ್ಟಿಗೆ ಸರಿ. ಭಾರತದ ಸರ್ಕಾರಿ ಬ್ಯಾಂಕುಗಳಿಗೆ ಅದು ಒಪ್ಪುವುದಿಲ್ಲ. ದೇಶದಲ್ಲಿ ಕೆಲಸ ಹುಡುಕುವ ಯುವಜನರು ತುಂಬಿದ್ದ ಕಾಲದಲ್ಲೇ ಆ ಬ್ಯಾಂಕುಗಳ ಸಿಬ್ಬಂದಿ ಮುಪ್ಪಿನತ್ತ ಸಾಗಿದರು. ಒಂದು ಸಂಸ್ಥೆಯ ವಯೋರಚನೆಯನ್ನು ನಿರ್ಧರಿಸುವುದು ನಾಡಿನ ಜನಸಂಖ್ಯೆಗಿಂತ ಹೆಚ್ಚಾಗಿ ಆ ಸಂಸ್ಥೆಯ ನೇಮಕಾತಿಯ ಇತಿಹಾಸ ಎಂಬುದು ಈ ಲೇಖನದ ವಾದ.

ಕರ್ನಾಟಕದ ಕರಾವಳಿ ಈ ಅಧ್ಯಯನಕ್ಕೆ ಸಹಜ ಕ್ಷೇತ್ರ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, 1931ರಲ್ಲಿ ಮಂಗಳೂರಿನ ವಿಜಯಾ ಬ್ಯಾಂಕ್ ಹುಟ್ಟಿದವು. ಕೆನರಾ ಮತ್ತು ಸಿಂಡಿಕೇಟ್ 1969ರಲ್ಲಿ, ಉಳಿದೆರಡು 1980ರಲ್ಲಿ ರಾಷ್ಟ್ರೀಕರಣಗೊಂಡವು. 1969ರ ಜೂನ್‌ನಲ್ಲಿ ದೇಶದಲ್ಲಿದ್ದ ವಾಣಿಜ್ಯ ಬ್ಯಾಂಕ್ ಶಾಖೆಗಳು 8,262. 1990ರ ಹೊತ್ತಿಗೆ ಅವು 60,000ದ ಸಮೀಪಕ್ಕೆ ಬಂದವು. ಕೈಬರಹದ ಲೆಡ್ಜರುಗಳ ಆ ಕಾಲದಲ್ಲಿ ಹೊಸ ಶಾಖೆ ಎಂದರೆ ಹೊಸ ಕ್ಲರ್ಕುಗಳು, ಹೊಸ ಆಫೀಸರುಗಳು. ಕರಾವಳಿಯ ಅನೇಕ ಮನೆಗಳಿಗೆ ಮೊದಲ ತಿಂಗಳ ಸಂಬಳ ಬಂದದ್ದು ಆಗಲೇ.

ಅನಂತರ ಬಾಗಿಲು ಮುಚ್ಚಿತು. ಯಂತ್ರೀಕರಣದ ಬಗ್ಗೆ ನೌಕರ ಸಂಘಗಳ ಜೊತೆ ಬ್ಯಾಂಕುಗಳು 1983ರಲ್ಲಿ ಒಪ್ಪಂದ ಮಾಡಿಕೊಂಡಿದ್ದವು. ತೊಂಬತ್ತರ ದಶಕದ ಆರ್ಥಿಕ ಸುಧಾರಣೆಯ ಚರ್ಚೆಯಲ್ಲಿ ಸಿಬ್ಬಂದಿ ಎಂದರೆ ವೆಚ್ಚ ಎಂಬ ನೋಟವೇ ಮೇಲಾಯಿತು. 2000–01ರಲ್ಲಿ 15 ವರ್ಷ ಸೇವೆ ಮುಗಿಸಿದವರಿಗೆ ಅಥವಾ 40 ವರ್ಷ ದಾಟಿದವರಿಗೆ ಸ್ವಯಂ ನಿವೃತ್ತಿ ಯೋಜನೆ ಬಂದಾಗ, ದೇಶದಾದ್ಯಂತ ಸುಮಾರು 1 ಲಕ್ಷ ಮಂದಿ ಹೊರನಡೆದರು. ನೇಮಕಾತಿ ಮಂಡಳಿಗಳನ್ನೂ 2001ರಲ್ಲಿ ರದ್ದುಪಡಿಸಲಾಯಿತು. ಈ ಯೋಜನೆಯನ್ನು ಯಶಸ್ಸೆಂದು ಎಣಿಸುವವರು ಉಳಿದ ಸಂಬಳದ ಲೆಕ್ಕವನ್ನಷ್ಟೇ ನೋಡಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಹೊರಗೆ ಸಂಪಾದಿಸಬಲ್ಲೆನೆಂಬ ಧೈರ್ಯವಿದ್ದವನಿಗೆ ಇಂಥ ಯೋಜನೆ ಹೆಚ್ಚು ಆಕರ್ಷಕ. ಯಾರು ಹೋಗಬೇಕು, ಯಾರು ಉಳಿಯಬೇಕು ಎಂಬ ಆಯ್ಕೆ ಸಂಸ್ಥೆಯ ಕೈಯಲ್ಲಿ ಪೂರ್ತಿಯಾಗಿ ಇರಲಿಲ್ಲ.

ಇದರ ಫಲ ಹತ್ತು ವರ್ಷಗಳಲ್ಲೇ ಕಾಣಿಸಿತು. ರಾಷ್ಟ್ರೀಕರಣದ ನಂತರ ಗುಂಪಾಗಿ ಸೇರಿದವರು ಗುಂಪಾಗಿಯೇ ಅರವತ್ತು ಮುಟ್ಟಿದರು. 2010ರಿಂದ 2020ರವರೆಗಿನ ಅವಧಿಗೆ ಬ್ಯಾಂಕ್ ವಲಯದಲ್ಲಿ ‘ನಿವೃತ್ತಿಯ ದಶಕ’ ಎಂಬ ಹೆಸರೇ ಬಿತ್ತು. ಸಿಬ್ಬಂದಿ ವಿಷಯಗಳನ್ನು ಪರಿಶೀಲಿಸಲು ಕೇಂದ್ರ ಸರ್ಕಾರ ನೇಮಿಸಿದ್ದ ಅನಿಲ್ ಖಂಡೇಲ್‌ವಾಲ್ ಸಮಿತಿ 2010ರಲ್ಲಿ ವರದಿ ಕೊಟ್ಟಾಗ ಆ ದಶಕ ಶುರುವಾಗಿಹೋಗಿತ್ತು. ಹಿರಿಯರು ಹೋದದ್ದಕ್ಕಿಂತ ದೊಡ್ಡ ಕೊರತೆ ನಡುವಿನದು. 1990ರಿಂದ 2005ರವರೆಗೆ ನೇಮಕವಾಗಬೇಕಿದ್ದವರು, ಅಂದರೆ ಮುಖ್ಯ ಪ್ರಬಂಧಕರ ಹುದ್ದೆಗೆ ಹದವಾಗಿ ಸಿದ್ಧರಾಗಿರಬೇಕಿದ್ದವರು, ಬೇಕಾದಷ್ಟು ಸಂಖ್ಯೆಯಲ್ಲಿ ಇರಲೇ ಇಲ್ಲ. ಹಾಗಾಗಿ ಹಿಂದಿನ ತಲೆಮಾರು ದಶಕಗಟ್ಟಲೆ ಕಾದು ಪಡೆದ ಬಡ್ತಿ ಹೊಸಬರಿಗೆ ಕೆಲವೇ ವರ್ಷಗಳಲ್ಲಿ ಸಿಕ್ಕಿತು.

ಈ ಅಂತರದಲ್ಲಿ ಕಳೆದುಹೋದದ್ದು ಯಾವ ಬಗೆಯ ಜ್ಞಾನ? ಗ್ರಾಮೀಣ ಶಾಖೆಯ ಸಾಲ ಮಂಜೂರಾತಿಯನ್ನೇ ನೋಡೋಣ. ಅಡಿಕೆ ತೋಟಕ್ಕೆ ಸಾಲ ಕೇಳಿ ಬಂದವರ ಪಹಣಿ ಎಕರೆ-ಗುಂಟೆಯನ್ನು ಹೇಳುತ್ತದೆ. ಏಪ್ರಿಲ್‌ನಲ್ಲಿ ಆ ಬಾವಿಯಲ್ಲಿ ನೀರು ನಿಲ್ಲುತ್ತದೆಯೇ, ಹಿಂದಿನ ಸಾಲ ತೀರಿದ್ದು ಫಸಲಿನಿಂದಲೋ ಕೈಸಾಲದಿಂದಲೋ ಎಂಬುದನ್ನು ಯಾವ ಕಾಗದವೂ ಹೇಳುವುದಿಲ್ಲ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿ ಇಂಥ ಪರಿಚಯದ ಮೇಲೆಯೇ ನಿಂತಿತ್ತು: ದಿನವೂ ಅಂಗಡಿಗೆ ಹೋಗಿ ಚಿಲ್ಲರೆ ಹಣ ಪಡೆಯುವವನಿಗೆ ಆ ಅಂಗಡಿಯ ವ್ಯಾಪಾರದ ಏರಿಳಿತ ತಾನಾಗಿಯೇ ಗೊತ್ತಾಗುತ್ತಿತ್ತು. ಕೋರ್ ಬ್ಯಾಂಕಿಂಗ್ ವ್ಯವಸ್ಥೆ ಲೆಕ್ಕವನ್ನು ಉಳಿಸಿಕೊಂಡಿತು; ಈ ತಿಳಿವಳಿಕೆ ಹಿರಿಯರ ಜೊತೆಗೇ ಹೋಯಿತು. ಕಳೆದ ದಶಕದ ದೊಡ್ಡ ವಸೂಲಾಗದ ಸಾಲಗಳಿಗೆ ಇದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಅವು ಬಹುಪಾಲು ಭಾರಿ ಉದ್ಯಮಗಳ ಸಾಲಗಳು, ಅವುಗಳ ಕಥೆ ಬೇರೆ.

2011ರಿಂದ ಬ್ಯಾಂಕ್ ಸಿಬ್ಬಂದಿ ಆಯ್ಕೆ ಸಂಸ್ಥೆಯಾದ ಐಬಿಪಿಎಸ್‌ನ ಸಾಮಾನ್ಯ ಪರೀಕ್ಷೆಯ ಮೂಲಕ ನೇಮಕಾತಿ ಚುರುಕಾದಾಗ ಜನಸಂಖ್ಯೆಯ ಪ್ರಶ್ನೆ ಬೇರೆ ದಾರಿಯಿಂದ ಒಳಬಂತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಒಟ್ಟು ಫಲವತ್ತತೆ ದರ ಕರ್ನಾಟಕದಲ್ಲಿ 1.7, ಬಿಹಾರದಲ್ಲಿ 3.0. ಅಖಿಲ ಭಾರತ ಪರೀಕ್ಷೆಗೆ ಯುವಜನರು ಹೆಚ್ಚಿರುವ ಕಡೆಯಿಂದ ಹೆಚ್ಚು ಅಭ್ಯರ್ಥಿಗಳು ಬರುವುದು ಸಹಜ. ಕ್ಲರ್ಕ್ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವ ತೀರ್ಮಾನ ಆದದ್ದು 2021ರಲ್ಲಿ. ಕೌಂಟರಿನ ಮುಂದೆ ಪಿಂಚಣಿಗಾಗಿ ಕಾದು ನಿಂತ ವೃದ್ಧೆ, ಒಳಗೆ ಕನ್ನಡ ಬಾರದ, ಊರಿಗೆ ವರ್ಗಾವಣೆ ಕೇಳಿ ಅರ್ಜಿ ಹಾಕಿ ಕುಳಿತ ತರುಣ: ಇಬ್ಬರ ಕಷ್ಟವೂ ನಿಜ. ಇದನ್ನು ಭಾಷಾಜಗಳವಾಗಿ ಮಾತ್ರ ಕಾಣುವುದು ತಪ್ಪು. ಹೊಸಬರಿಗೆ ಮೊದಲ ವರ್ಷವೇ ಸಂಬಳಸಹಿತ ಕನ್ನಡ ತರಬೇತಿ ಕೊಡುವುದು ಸಿಬ್ಬಂದಿ ವಿಭಾಗದ ಜವಾಬ್ದಾರಿ. ಗ್ರಾಹಕರ ಸಿಟ್ಟು ತಾಗುವುದು ಮಾತ್ರ ಕೌಂಟರಿನಲ್ಲಿ ಕೂತವನಿಗೆ.

ಒಂದೇ ಶಾಖೆಯೊಳಗೆ ಇನ್ನೊಂದು ಗೆರೆಯೂ ಇದೆ. 2010ರ ಏಪ್ರಿಲ್ 1ರ ನಂತರ ಸೇರಿದವರಿಗೆ ನಿಶ್ಚಿತ ಪಿಂಚಣಿ ಇಲ್ಲ. ಅವರು ಕೊಡುಗೆ ಆಧಾರಿತ ಹೊಸ ವ್ಯವಸ್ಥೆಗೆ ಸೇರಿದವರು. ಪಕ್ಕಪಕ್ಕದಲ್ಲಿ ಕೂತು ಒಂದೇ ಕೆಲಸ ಮಾಡುವ ಇಬ್ಬರಿಗೆ ಮುಪ್ಪಿನ ಭದ್ರತೆ ಒಂದೇ ಅಲ್ಲದಿರುವಾಗ, ಹಿರಿಯರು ಕಿರಿಯರಿಗೆ ಕಲಿಸುವ ಯೋಜನೆಗಳು ಸುತ್ತೋಲೆಯಿಂದಲೇ ಜೀವ ತಳೆಯಲಾರವು. 2019 ಮತ್ತು 2020ರ ವಿಲೀನಗಳಲ್ಲಿ ವಿಜಯಾ ಬ್ಯಾಂಕ್ ಬರೋಡಾಕ್ಕೆ, ಕಾರ್ಪೊರೇಷನ್ ಯೂನಿಯನ್‌ಗೆ, ಸಿಂಡಿಕೇಟ್ ಕೆನರಾಕ್ಕೆ ಸೇರಿದ ಮೇಲೆ, ಜ್ಯೇಷ್ಠತೆಯ ಪಟ್ಟಿಗಳನ್ನು ಹೆಣೆಯುವ ಕೆಲಸವೂ ಇದಕ್ಕೆ ಕೂಡಿಕೊಂಡಿತು.

2011ರ ನಂತರದ ನಾಲ್ಕೈದು ವರ್ಷಗಳಲ್ಲಿ ಇಪ್ಪತ್ತೆರಡರಿಂದ ಇಪ್ಪತ್ತೆಂಟರ ವಯಸ್ಸಿನಲ್ಲಿ ಸೇರಿದವರು ಈಗಿನ ನಿಯಮದಂತೆ ಸುಮಾರು 2043ರಿಂದ 2053ರ ನಡುವೆ ನಿವೃತ್ತರಾಗುತ್ತಾರೆ. 2050ರಲ್ಲಿ ಭಾರತೀಯರಲ್ಲಿ ಐವರಲ್ಲಿ ಒಬ್ಬರು ಅರವತ್ತು ದಾಟಿರುತ್ತಾರೆ ಎಂಬುದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ಅಂದಾಜು. ಮೊದಲ ಸಲ ಹೊರಗೆ ಯುವಜನರ ಸಾಲು ಕಾದಿತ್ತು; ಮುಂದಿನ ಸಲ ಅಂಥ ಸಾಲು ದಕ್ಷಿಣದ ರಾಜ್ಯಗಳಲ್ಲಂತೂ ಇರುವುದಿಲ್ಲ. ನಿಶ್ಚಿತ ಪಿಂಚಣಿಯಿಲ್ಲದ ಆ ತಲೆಮಾರಿನಲ್ಲಿ ಅರವತ್ತಕ್ಕೆ ಮನೆಗೆ ಹೋಗಲು ಒಪ್ಪದವರೂ ಹೆಚ್ಚಿರಬಹುದು. ವರ್ಷಕ್ಕಿಷ್ಟು ಎಂಬ ಸಮಪ್ರಮಾಣದ ನೇಮಕಾತಿ ಮತ್ತು ಪ್ರತಿ ಹುದ್ದೆಶ್ರೇಣಿಯ ವಯೋವಿಂಗಡಣೆಯನ್ನು ವಾರ್ಷಿಕ ವರದಿಯಲ್ಲಿ ಕಡ್ಡಾಯವಾಗಿ ಪ್ರಕಟಿಸುವ ನಿಯಮ, ಇವೆರಡನ್ನು ಹಣಕಾಸು ಸಚಿವಾಲಯ ಈಗಲೇ ತಂದರೆ, ಮುಂದಿನ ಗುಂಪು ನಿವೃತ್ತಿಯನ್ನು ಎರಡು ದಶಕ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಲು ಸಾಧ್ಯ.