ಆರೈಕೆ ನಿವಾಸದ ಆಯ್ಕೆ: ಆಲಂಕಾರು ಮತ್ತು ಸುತ್ತಲಿನ ಹಿರಿಯರು

ಸ್ನಾನ, ಉಡುಗೆ, ಊಟ, ಔಷಧಿ, ಓಡಾಟದಂಥ ದಿನನಿತ್ಯದ ಕೆಲಸಗಳಿಗೆ ಇನ್ನೊಬ್ಬರ ನೆರವು ಬೇಕಾದ, ಆದರೆ ಆಸ್ಪತ್ರೆಯಲ್ಲಿ ಉಳಿಯಬೇಕಾದಷ್ಟು ಕಾಯಿಲೆಯಿಲ್ಲದ ಹಿರಿಯರು ಶುಲ್ಕ ಕೊಟ್ಟು ವಾಸಿಸುವ ವ್ಯವಸ್ಥೆಯೇ ಆರೈಕೆ ನಿವಾಸ. ನಗರಗಳಲ್ಲಿ ಇದಕ್ಕೆ ‘ಅಸಿಸ್ಟೆಡ್ ಲಿವಿಂಗ್’ ಎಂಬ ಹೆಸರಿದೆ. ನಿರ್ಗತಿಕರಿಗೆ ಆಶ್ರಯ ಕೊಡುವ ವೃದ್ಧಾಶ್ರಮ ಹಾಗೂ ಆರೋಗ್ಯವಂತ ನಿವೃತ್ತರು ಮನೆ ಕೊಂಡು ಇರುವ ಹಿರಿಯರ ಬಡಾವಣೆ, ಇವೆರಡರಿಂದಲೂ ಇದು ಬೇರೆ. ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಮಕ್ಕಳು ದೂರದ ಊರು ಸೇರಿ ತಂದೆತಾಯಿ ತೋಟದ ಮನೆಯಲ್ಲಿ ಉಳಿದಿರುವ ಕುಟುಂಬಗಳಿಗೆ ಈ ಆಯ್ಕೆ ಮುಖ್ಯ ಪ್ರಶ್ನೆಯಾಗಿದೆ.

ಹಿನ್ನೆಲೆ

ತುಳುನಾಡಿನಲ್ಲಿ ಹಿರಿಯರ ಆರೈಕೆ ಕುಟುಂಬದ ಮನೆಯ ಹೊಣೆಯಾಗಿತ್ತು. ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ವಂಶ ಸಾಗುವ ಅಳಿಯಸಂತಾನ ಪದ್ಧತಿಯ ಕುಟುಂಬಗಳಲ್ಲಿ ವಯಸ್ಸಾದವರು ತಾಯಿಯ ಕಡೆಯ ಮನೆಯಲ್ಲಿ, ಸೋದರಳಿಯ, ಸೋದರಸೊಸೆಯಂದಿರ ನಡುವೆ ಇರುತ್ತಿದ್ದರು. ತಂದೆಯ ಕಡೆಯಿಂದ ವಂಶ ಸಾಗುವ ಮಕ್ಕಳಕಟ್ಟಿನ ಮನೆಗಳಲ್ಲಿ ಗಂಡುಮಕ್ಕಳು ಮತ್ತು ಸೊಸೆಯಂದಿರು ನೋಡಿಕೊಳ್ಳುತ್ತಿದ್ದರು. 1949ರ ಮದ್ರಾಸು ಅಳಿಯಸಂತಾನ ಕಾಯ್ದೆ ಕವರುಗಳಿಗೆ, ಅಂದರೆ ಕುಟುಂಬದ ತಾಯಿಯ ಕಡೆಯ ಕವಲುಗಳಿಗೆ, ಪಾಲಿನ ಹಕ್ಕು ಕೊಟ್ಟ ಬಳಿಕ ದೊಡ್ಡ ಮನೆಗಳು ಒಡೆದವು. ಮುಂದೆ ಓದು ಮತ್ತು ಉದ್ಯೋಗ ಮಕ್ಕಳನ್ನು ಮಂಗಳೂರು, ಬೆಂಗಳೂರು, ಮುಂಬಯಿ ಹಾಗೂ ಕೊಲ್ಲಿ ದೇಶಗಳಿಗೆ ಒಯ್ದವು. ಹಿಂದಿನ ಕುಟುಂಬದ ಏರ್ಪಾಡಿನಲ್ಲಿ ಆರೈಕೆಯ ಭಾರ ಬಹುಪಾಲು ಮನೆಯ ಹೆಂಗಸರ ಮೇಲೆ ಬಿದ್ದಿತ್ತು ಎಂಬುದನ್ನು ಮರೆಯಬಾರದು. ಅವರೂ ಹೊರಗೆ ದುಡಿಯತೊಡಗಿದ ಮೇಲೆ ಹಳೆಯ ವ್ಯವಸ್ಥೆ ಹಾಗೆಯೇ ಉಳಿಯುವುದು ಸಾಧ್ಯವಿರಲಿಲ್ಲ.

ರಾಜ್ಯದಲ್ಲಿ ಹಿರಿಯರ ನಿವಾಸಗಳು ದಾನಧರ್ಮದ ಸಂಸ್ಥೆಗಳಾಗಿ ಆರಂಭಗೊಂಡವು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ‘ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್’ ಸಂನ್ಯಾಸಿನಿಯರ ವೃದ್ಧಾಶ್ರಮ 1900ರಷ್ಟು ಹಳೆಯದು. ಶುಲ್ಕ ಪಡೆದು ಆರೈಕೆ ನೀಡುವ ಇಂದಿನ ಮಾದರಿ ಅಮೆರಿಕದ್ದು. ಅಲ್ಲಿನ ಓರೆಗಾನ್ ರಾಜ್ಯದ ಪೋರ್ಟ್‌ಲೆಂಡಿನಲ್ಲಿ ಕೆರೆನ್ ಬ್ರೌನ್ ವಿಲ್ಸನ್ 1980ರ ದಶಕದ ಆರಂಭದಲ್ಲಿ ಕಟ್ಟಿದ ನಿವಾಸವನ್ನು ಅದರ ಮೊದಲ ಉದಾಹರಣೆಗಳಲ್ಲಿ ಎಣಿಸುತ್ತಾರೆ. ಒಳಗಿನಿಂದ ಬೀಗ ಹಾಕಿಕೊಳ್ಳಬಹುದಾದ ಸ್ವಂತ ಕೋಣೆ ಮತ್ತು ಕರೆದಾಗ ಬರುವ ನೆರವು ಆ ಮಾದರಿಯ ತಿರುಳು. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯಲ್ಲಿ 60 ದಾಟಿದವರ ಪಾಲು ಶೇ. 9.5 ಇತ್ತು, ದೇಶದ ಸರಾಸರಿ ಶೇ. 8.6.

ಸೀಮೆಯ ಸ್ವರೂಪ

ಆಲಂಕಾರು ಉಪ್ಪಿನಂಗಡಿಯಿಂದ ಕಡಬದತ್ತ ಸಾಗುವ ದಾರಿಯಲ್ಲಿ, ಕುಮಾರಧಾರಾ ಹೊಳೆಯ ಸೀಮೆಯಲ್ಲಿರುವ ಗ್ರಾಮ. ಮೊದಲು ಪುತ್ತೂರು ತಾಲೂಕಿನಲ್ಲಿದ್ದು, ಕಡಬ ಪ್ರತ್ಯೇಕ ತಾಲೂಕಾದ ಮೇಲೆ ಅದಕ್ಕೆ ಸೇರಿತು. ಬಯಲುಸೀಮೆಯಂತೆ ಇಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ಅವರವರ ಅಡಿಕೆ ತೋಟ, ರಬ್ಬರ್ ಗುಡ್ಡಗಳ ನಡುವೆ ಒಂಟಿಯಾಗಿವೆ. ಕೂಗಿದರೆ ಓಗೊಡುವ ನೆರೆಮನೆ ಎಲ್ಲರಿಗೂ ಇರುವುದಿಲ್ಲ. ಮಳೆಗಾಲದಲ್ಲಿ ಅಂಗಳಕ್ಕೆ ಪಾಚಿ ಕಟ್ಟುತ್ತದೆ, ಮಣ್ಣಿನ ಇಳಿಜಾರು ದಾರಿ ಜಾರುತ್ತದೆ, ಮರ ಬಿದ್ದು ಕರೆಂಟು ಹೋಗುತ್ತದೆ. ಇಲ್ಲಿನ ಮುದುಕರಿಗೆ ಬೀಳುವುದೇ ದೊಡ್ಡ ಅಪಾಯ. ಸೊಂಟದ ಮೂಳೆ ಮುರಿದರೆ, ಅದುವರೆಗೆ ತೋಟ ಸುತ್ತುತ್ತಿದ್ದವರು ಹಾಸಿಗೆ ಹಿಡಿಯಬಹುದು.

ಚಿಕಿತ್ಸೆಗೆ ಕಡಬ ಮತ್ತು ಪುತ್ತೂರಿನ ಸರ್ಕಾರಿ ಆಸ್ಪತ್ರೆಗಳು, ಸುಳ್ಯದ ಕೆ.ವಿ.ಜಿ. ವೈದ್ಯಕೀಯ ಕಾಲೇಜು ಆಸ್ಪತ್ರೆ, ಇನ್ನೂ ಹೆಚ್ಚಿನದಕ್ಕೆ ಮಂಗಳೂರಿನ ವೆನ್‌ಲಾಕ್ ಜಿಲ್ಲಾ ಆಸ್ಪತ್ರೆ ಹಾಗೂ ಖಾಸಗಿ ವೈದ್ಯಕೀಯ ಕಾಲೇಜುಗಳಿವೆ. 2008ರಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆ ಇದ್ದರೂ, ತೋಟದ ಕೆಳಗಿನ ಮನೆಯಿಂದ ಡಾಮರು ರಸ್ತೆಯವರೆಗೆ ರೋಗಿಯನ್ನು ಹೊತ್ತು ತರುವವರು ಬೇಕು.

ಶುಲ್ಕದ ಆರೈಕೆ ನಿವಾಸಗಳು ರಾಜ್ಯದಲ್ಲಿ ಹೆಚ್ಚಾಗಿ ಬೆಂಗಳೂರಿನ ಸುತ್ತ ಬೆಳೆದಿವೆ. ಕರಾವಳಿಯಲ್ಲಿ ಸೇವಾ ಟ್ರಸ್ಟುಗಳು ಮತ್ತು ಧಾರ್ಮಿಕ ಸಂಸ್ಥೆಗಳು ನಡೆಸುವ ಮನೆಗಳದ್ದೇ ಹಳೆಯ ಪರಂಪರೆ. ಮಂಗಳೂರು ಸಮೀಪದ ಅಸೈಗೋಳಿಯ ‘ಅಭಯ ಆಶ್ರಯ’ ಅವುಗಳಲ್ಲಿ ಒಂದು. ಹೀಗಾಗಿ ಆಲಂಕಾರಿನ ಕುಟುಂಬದ ಮುಂದೆ ಎರಡು ದಾರಿಗಳಿರುತ್ತವೆ: ಊರಿಗೆ ಹತ್ತಿರದ, ಭಾಷೆ ಮತ್ತು ಬಂಧುಬಳಗವಿರುವ ನಿವಾಸ, ಅಥವಾ ಮಕ್ಕಳಿರುವ ನಗರದ ನಿವಾಸ. ವಾರಕ್ಕೊಮ್ಮೆಯಾದರೂ ತಪ್ಪದೆ ಬಂದು ನೋಡುವವರು ಯಾವ ಕಡೆ ಇದ್ದಾರೋ ಆ ಕಡೆಗೆ ತೂಕ ಕೊಡುವುದು ಒಳ್ಳೆಯದು. ನೋಡುವವರು ಪದೇ ಪದೇ ಬರುವ ಹಿರಿಯರ ವಿಷಯದಲ್ಲಿ ಸಣ್ಣ ನಿರ್ಲಕ್ಷ್ಯವೂ ಬೇಗ ಬಯಲಾಗುತ್ತದೆ.

ಅಗತ್ಯದ ಅಳತೆ

ನಿವಾಸ ಹುಡುಕುವ ಮೊದಲು ತಂದೆತಾಯಿಗೆ ಯಾವ ನೆರವು ಬೇಕೆಂದು ತಿಳಿಯಬೇಕು. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಸೂಚಿ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಆರು ಕೆಲಸಗಳಿವೆ: ಸ್ನಾನ, ಬಟ್ಟೆ ಉಡುವುದು, ಶೌಚಕ್ಕೆ ಹೋಗುವುದು, ಹಾಸಿಗೆ ಅಥವಾ ಕುರ್ಚಿಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ ಮಾಡುವುದು. 1969ರಲ್ಲಿ ಲಾಟನ್ ಮತ್ತು ಬ್ರಾಡಿ ರೂಪಿಸಿದ ಇನ್ನೊಂದು ಸೂಚಿ ಅಡುಗೆ, ಫೋನು, ಖರೀದಿ, ಪ್ರಯಾಣ, ಔಷಧಿ, ಹಣಕಾಸಿನಂಥ ಕೆಲಸಗಳನ್ನು ಅಳೆಯುತ್ತದೆ.

ಎರಡನೆಯ ಸೂಚಿಯ ಕೆಲಸಗಳಲ್ಲಿ ಮಾತ್ರ ತೊಡಕಿದ್ದರೆ ಮನೆಯಲ್ಲೇ ವ್ಯವಸ್ಥೆ ಮಾಡಬಹುದು. ಮೊದಲನೆಯದರ ಎರಡು ಮೂರು ಕೆಲಸಗಳಿಗೆ ನಿತ್ಯ ಕೈಯಾಸರೆ ಬೇಕಾದರೆ ಆರೈಕೆ ನಿವಾಸವನ್ನು ಯೋಚಿಸಬೇಕಾಗುತ್ತದೆ. ಮೂಗಿನ ನಳಿಕೆ, ಆಮ್ಲಜನಕ, ಆಳವಾದ ಬೆನ್ನುಹುಣ್ಣು ಇದ್ದವರಿಗೆ ದಾದಿಯರ ಶುಶ್ರೂಷೆಯಿರುವ ಸ್ಥಳವೇ ಬೇಕು.

ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ, ಇದ್ದವರದು ಬೇರೆಯೇ ಲೆಕ್ಕ. ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ. ಮೈಯಲ್ಲಿ ಕಸುವಿದ್ದರೂ ಇವರು ದಾರಿ ತಪ್ಪುತ್ತಾರೆ, ಒಲೆ ಆರಿಸಲು ಮರೆಯುತ್ತಾರೆ, ಸಂಜೆಯಾದಂತೆ ಗಾಬರಿಗೊಳ್ಳುತ್ತಾರೆ. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಇಂಥವರಿಗಾಗಿಯೇ ಕಸ್ತೂರಿನಗರದಲ್ಲಿ ಕೇಂದ್ರ ನಡೆಸುತ್ತದೆ. ತರಬೇತಿ ಪಡೆದ ಸಿಬ್ಬಂದಿ ಇಲ್ಲದ ಸಾಮಾನ್ಯ ನಿವಾಸಕ್ಕೆ ಅವರನ್ನು ಸೇರಿಸುವುದು ಅಪಾಯಕರ.

ನೋಡಬೇಕಾದ ಅಂಶಗಳು

ರಾತ್ರಿಯ ಸಿಬ್ಬಂದಿ: ನಿವಾಸದ ಗುಣ ತಿಳಿಯುವುದು ರಾತ್ರಿ. ಎಷ್ಟು ಹಿರಿಯರಿಗೆ ಎಷ್ಟು ಮಂದಿ ಎಚ್ಚರವಿರುತ್ತಾರೆ, ಅವರಲ್ಲಿ ದಾದಿ ಇದ್ದಾರೆಯೇ, ಕರೆಗಂಟೆ ಒತ್ತಿದರೆ ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಕೇಳಬೇಕು. ಹಗಲಿನ ಭೇಟಿಯ ಜತೆಗೆ ಹೇಳದೆ ಸಂಜೆಯ ಹೊತ್ತು ಒಮ್ಮೆ ಹೋಗಿ ಬರಬೇಕು. ಮೂತ್ರದ ವಾಸನೆ, ಹಾಸಿಗೆಯ ಬಟ್ಟೆ, ಅಲ್ಲಿರುವವರ ಉಗುರು ಮತ್ತು ತಲೆಗೂದಲು ಬಹಳಷ್ಟು ಹೇಳುತ್ತವೆ.

ಕಟ್ಟಡ: ನೆಲ ಜಾರದಿರಬೇಕು, ಶೌಚಾಲಯದಲ್ಲಿ ಹಿಡಿಕೆ ಬೇಕು, ವೀಲ್‌ಚೇರ್ ಹೋಗುವಷ್ಟು ಅಗಲದ ಬಾಗಿಲು, ಮಹಡಿಯಿದ್ದರೆ ಲಿಫ್ಟ್, ಕರೆಂಟು ಹೋದರೆ ಜನರೇಟರ್ ಅಥವಾ ಇನ್ವರ್ಟರ್, ಬೆಂಕಿಯಿಂದ ಪಾರಾಗುವ ದಾರಿ ಇರಬೇಕು.

ವೈದ್ಯಕೀಯ ನೆರವು: ಯಾವ ವೈದ್ಯರು ಯಾವಾಗ ಬರುತ್ತಾರೆ, ತುರ್ತು ಬಂದರೆ ಯಾವ ಆಸ್ಪತ್ರೆ, ಕರೆದೊಯ್ಯುವವರು ಯಾರು, ಔಷಧಿ ಕೊಟ್ಟದ್ದನ್ನು ಬರೆದಿಡುತ್ತಾರೆಯೇ ಎಂಬುದು ಸ್ಪಷ್ಟವಾಗಿರಬೇಕು.

ಭಾಷೆ: ಈ ಸೀಮೆಯಲ್ಲಿ ತುಳು, ಹವ್ಯಕ ಕನ್ನಡ, ಅರೆಭಾಷೆ, ಬ್ಯಾರಿ, ಕೊಂಕಣಿ, ಮಲಯಾಳ ಮನೆಮಾತುಗಳು. ಮರೆವು ಹೆಚ್ಚಿದಂತೆ ಆಮೇಲೆ ಕಲಿತ ಭಾಷೆ ಮೊದಲು ಜಾರಿ, ಮನೆಮಾತು ಉಳಿಯುವುದುಂಟು. ನೋವು ಎಲ್ಲಿದೆಯೆಂದು ತುಳುವಿನಲ್ಲಿ ಹೇಳಿದರೆ ತಿಳಿಯುವ ಒಬ್ಬರಾದರೂ ಸಿಬ್ಬಂದಿಯಲ್ಲಿ ಇರುವುದು ಚಿಕಿತ್ಸೆಯ ಭಾಗವೇ.

ಊಟ ಮತ್ತು ಆಚರಣೆ: ಬೆಳಗ್ಗಿನ ಕುಚ್ಚಲಕ್ಕಿ ಗಂಜಿ, ಊಟದ ನಂತರದ ಎಲೆಅಡಿಕೆ, ಸಸ್ಯಾಹಾರ ಅಥವಾ ಮೀನು, ಮನೆದೈವದ ತಂಬಿಲ ಸೇವೆಗೆ ಊರಿಗೆ ಬಂದುಹೋಗುವ ಸ್ವಾತಂತ್ರ್ಯ, ನಮಾಜು ಅಥವಾ ಪೂಜೆಗೆ ಜಾಗ, ಇವೆಲ್ಲ ಹಿರಿಯರು ಅಲ್ಲಿ ಒಗ್ಗಿಕೊಳ್ಳುವರೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತವೆ.

ಶುಲ್ಕ ಮತ್ತು ಒಪ್ಪಂದ

ಸಾಮಾನ್ಯವಾಗಿ ಠೇವಣಿ, ತಿಂಗಳ ಶುಲ್ಕ ಮತ್ತು ಹೆಚ್ಚುವರಿ ಆರೈಕೆಯ ಶುಲ್ಕ ಎಂದು ಮೂರು ಭಾಗಗಳಿರುತ್ತವೆ. ಡಯಾಪರ್, ಔಷಧಿ, ಫಿಸಿಯೋಥೆರಪಿ, ಆಸ್ಪತ್ರೆಯಲ್ಲಿ ಜತೆಗಿರುವವರ ಖರ್ಚು ಬೇರೆಯಾಗಿರಬಹುದು. ವರ್ಷಕ್ಕೆ ಎಷ್ಟು ಏರುತ್ತದೆ, ಠೇವಣಿ ಯಾವಾಗ ಮರಳುತ್ತದೆ, ಹಿರಿಯರು ಹಾಸಿಗೆ ಹಿಡಿದರೆ ಇರಿಸಿಕೊಳ್ಳುತ್ತಾರೆಯೇ ಅಥವಾ ಕರೆದೊಯ್ಯಿರಿ ಎನ್ನುತ್ತಾರೆಯೇ ಎಂಬುದು ಒಪ್ಪಂದದಲ್ಲಿ ಬರಹದಲ್ಲಿರಬೇಕು. ಆದಾಯ ತೆರಿಗೆ ಕಾಯ್ದೆಯಡಿ ನೋಂದಾಯಿತ ದತ್ತಿ ಸಂಸ್ಥೆ ನಡೆಸುವ ವೃದ್ಧಾಶ್ರಮದಲ್ಲಿ 60 ದಾಟಿದವರಿಂದ ತಿಂಗಳಿಗೆ ತಲಾ 25,000 ರೂಪಾಯಿವರೆಗೆ ಪಡೆಯುವ ಶುಲ್ಕಕ್ಕೆ 2018ರಿಂದ ಜಿಎಸ್‌ಟಿ ವಿನಾಯಿತಿ ಇದೆ.

ಅಡಿಕೆ ತೋಟದ ಆದಾಯ ವರ್ಷಕ್ಕೊಮ್ಮೆ ಬರುತ್ತದೆ, ನಿವಾಸದ ಶುಲ್ಕ ತಿಂಗಳು ತಿಂಗಳು ಹೋಗುತ್ತದೆ. ಧಾರಣೆ ಕುಸಿದ ವರ್ಷವೂ ಕೊಡಬಲ್ಲಷ್ಟೇ ಶುಲ್ಕದ ನಿವಾಸ ಆರಿಸುವುದು, ಮಕ್ಕಳ ಪಾಲು ಯಾರದೆಷ್ಟು ಎಂದು ಮೊದಲೇ ಬರೆದಿಡುವುದು ಮುಂದಿನ ಜಗಳ ತಪ್ಪಿಸುತ್ತದೆ.

ಕಾನೂನಿನ ರಕ್ಷಣೆ

ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ 2007ರಲ್ಲಿ ಬಂತು. ದುಡಿಮೆ ಅಥವಾ ಆಸ್ತಿಯಿಂದ ಬದುಕಲಾಗದ ತಂದೆತಾಯಿ ಮಕ್ಕಳಿಂದ ಜೀವನಾಂಶ ಕೇಳಬಹುದು. ಅದರ ಮಿತಿ ತಿಂಗಳಿಗೆ 10,000 ರೂಪಾಯಿ. ಅರ್ಜಿಯನ್ನು ವಿಚಾರಿಸುವುದು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳವರಿಗೆ ಅದು ಪುತ್ತೂರಿನಲ್ಲಿದೆ. ಮೇಲ್ಮನವಿಯನ್ನು ಜಿಲ್ಲಾಧಿಕಾರಿ ಕೇಳುತ್ತಾರೆ. ಹಿರಿಯರನ್ನು ತೊರೆದುಹೋದವರಿಗೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮ ಸ್ಥಾಪಿಸಬಹುದೆಂದು 19ನೇ ಕಲಮು ಹೇಳುತ್ತದೆ.

ತೋಟ, ಮನೆ ಇರುವವರಿಗೆ 23ನೇ ಕಲಮು ಮುಖ್ಯ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರವನ್ನು, ಪಡೆದವರು ಆ ಷರತ್ತು ಮುರಿದರೆ, ರದ್ದುಗೊಳಿಸಲು ಅದು ಅವಕಾಶ ಕೊಡುತ್ತದೆ. ಷರತ್ತು ಇರಲೇಬೇಕೆಂದು ಸುಪ್ರೀಂ ಕೋರ್ಟ್ 2022ರ ಸುದೇಶ್ ಛಿಕಾರಾ ಪ್ರಕರಣದಲ್ಲಿ ಹೇಳಿತು. 2025ರ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಕಾಯ್ದೆಯನ್ನು ಹಿರಿಯರ ಹಿತಕ್ಕೆ ಅನುಗುಣವಾಗಿ ಉದಾರವಾಗಿ ಅರ್ಥೈಸಿತು. ಆದ್ದರಿಂದ ದಾನಪತ್ರದಲ್ಲಿ ಪೋಷಣೆಯ ಷರತ್ತನ್ನು ಬಿಡಿಸಿ ಬರೆಸುವುದು ಕ್ಷೇಮ. ನಿವಾಸಕ್ಕೆ ಹೋಗುವ ಗಡಿಬಿಡಿಯಲ್ಲಿ ಹಿರಿಯರಿಂದ ಆಸ್ತಿಪತ್ರಕ್ಕೆ ಸಹಿ ಹಾಕಿಸುವುದು ಅನ್ಯಾಯ. ದೌರ್ಜನ್ಯದ ದೂರು, ಸಲಹೆಗೆ ರಾಷ್ಟ್ರೀಯ ಹಿರಿಯರ ಸಹಾಯವಾಣಿ 14567 ಇದೆ.

ಪರ್ಯಾಯಗಳು

ಊರು ಬಿಡಲು ಒಪ್ಪದವರಿಗೆ ಹೋಂ ನರ್ಸ್ ಈ ಸೀಮೆಯಲ್ಲಿ ಪರಿಚಿತ ದಾರಿ. ಏಜೆನ್ಸಿಯ ಮೂಲಕ ಬಂದವರ ಗುರುತಿನ ದಾಖಲೆ, ತರಬೇತಿ, ವಾರದ ರಜೆಯ ದಿನದ ಬದಲಿ ವ್ಯವಸ್ಥೆ ಪರಿಶೀಲಿಸಬೇಕು. ಶೌಚಾಲಯವನ್ನು ಮನೆಯೊಳಗೆ ತರುವುದು, ಹಿಡಿಕೆ ಹಾಕಿಸುವುದು, ಅಂಗಳದ ಪಾಚಿ ತೆಗೆದು ನಡೆಯುವ ದಾರಿಗೆ ಅಡಿಕೆ ಮರದ ಸಲಾಕೆ ಹಾಸುವುದು ಕಡಿಮೆ ಖರ್ಚಿನಲ್ಲಿ ಕೆಲವು ವರ್ಷಗಳ ಸ್ವತಂತ್ರ ಬದುಕನ್ನು ಉಳಿಸಿಕೊಡಬಲ್ಲದು. ಮಳೆಗಾಲದ ತಿಂಗಳುಗಳಲ್ಲಿ ಮಾತ್ರ ನಿವಾಸದಲ್ಲಿದ್ದು, ಮಳೆ ಬಿಟ್ಟ ಮೇಲೆ ಮನೆಗೆ ಮರಳುವ ಅಲ್ಪಾವಧಿಯ ವಾಸವನ್ನೂ ಕೇಳಿ ನೋಡಬಹುದು. ಅದು ದೀರ್ಘ ವಾಸಕ್ಕೆ ಪರೀಕ್ಷೆಯೂ ಆಗುತ್ತದೆ.

ನಿರ್ಧಾರದ ಹೊತ್ತು

ಬಹಳಷ್ಟು ಕುಟುಂಬಗಳು ನಿವಾಸ ಹುಡುಕುವುದು ಅಪ್ಪನೋ ಅಮ್ಮನೋ ಬಿದ್ದು ಆಸ್ಪತ್ರೆ ಸೇರಿದ ಮೇಲೆ, ಬಿಡುಗಡೆಯ ದಿನ ಹತ್ತಿರವಾದಾಗ. ಆಗ ರಾತ್ರಿಯ ಸಿಬ್ಬಂದಿಯನ್ನು ನೋಡಲು, ಒಪ್ಪಂದ ಓದಲು, ಎಲ್ಲಕ್ಕಿಂತ ಮಿಗಿಲಾಗಿ ಹೋಗಬೇಕಾದವರ ಮಾತು ಕೇಳಲು ಸಮಯವಿರುವುದಿಲ್ಲ. ನೋವಿನಲ್ಲಿರುವ ಹಿರಿಯರು ‘ನೀವು ಹೇಳಿದ ಹಾಗೆ’ ಎಂದರೆ ಅದನ್ನು ಒಪ್ಪಿಗೆ ಎನ್ನಲಾಗದು. ಯಾವ ಊರು, ಯಾರ ಹತ್ತಿರ, ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದು ಅವರದೇ ತೀರ್ಮಾನ. ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ಸರಳಗೊಳಿಸಿದ ಮುಂಗಡ ವೈದ್ಯಕೀಯ ನಿರ್ದೇಶನದ ಮೂಲಕ ಚಿಕಿತ್ಸೆಯ ಇಚ್ಛೆಯನ್ನು ಬರೆದಿಡಬಹುದು. ತಂದೆತಾಯಿ ತಮ್ಮ ಕಾಲಮೇಲೆ ತಾವು ನಿಂತಿರುವಾಗಲೇ ಮಕ್ಕಳು ಅವರೊಂದಿಗೆ ಕುಳಿತು ಈ ಮಾತು ಆರಂಭಿಸಬೇಕು, ಎರಡು ಮೂರು ನಿವಾಸಗಳನ್ನು ಅವರನ್ನೇ ಕರೆದೊಯ್ದು ತೋರಿಸಬೇಕು, ಕೊನೆಯ ಮಾತನ್ನು ಅವರಿಗೇ ಬಿಡಬೇಕು.